ಸಾಕ್ಷಿ ಹಾಕಿದವರು ಎಲ್ಲಿದ್ದಾರೆ?

"ಅಣ್ಣ, ಈ ಪ್ರೊಬೇಟ್ ಅನ್ನುವುದನ್ನೇ ತೆಗೆದುಹಾಕಿದ್ದಾರಂತಲ್ಲ? ಇನ್ನು ವಿಲ್ ಹಿಡಿದುಕೊಂಡು ಫೋರ್ಟಿನ ಹೈಕೋರ್ಟಿಗೆ ಅಲೆಯುವ ಕೆಲಸವಿಲ್ಲ ಅಂತ ನಮ್ಮ ಸೊಸೈಟಿಯ ವಾಟ್ಸಾಪಿನಲ್ಲಿ ಬಂದಿತ್ತು. ಹೌದಾ?"

ಕಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಸೊಸೈಟಿಯ ಅಕ್ಕ ಕೇಳಿದರು. ನಾನು ಫೋರ್ಟಿನ ಸಾಲಿಸಿಟರ್ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಕೂದಲು ಹಣ್ಣು ಮಾಡಿಕೊಂಡವನು. ವಿಲ್ಲು, ವಾರಸು, ಪಾಲು ಎಂದು ಯಾರ ಬಾಯಲ್ಲಿ ಬಂದರೂ ಮಾತು ನನ್ನ ಕಡೆ ತಿರುಗುತ್ತದೆ. ತಿರುಗಲಿ, ನನಗೂ ಸಂತೋಷವೇ. ಈ ವಿಷಯದಲ್ಲಿ ಮುಂಬಯಿಯ ನಮ್ಮ ಜನರಿಗೆಲ್ಲ ಕೂಗಿ ಹೇಳಬೇಕಾದ ಒಂದು ಮಾತು ನನ್ನ ಹತ್ತಿರ ಇದೆ.

"ಅರ್ಧ ನಿಜ ಅಕ್ಕ. ಕಡ್ಡಾಯ ಹೋಗಿದೆ, ರುಜುವಾತು ಹೋಗಿಲ್ಲ" ಅಂದೆ.

ಅವರು ನೀರಿನ ಪೈಪು ನಿಲ್ಲಿಸಿ ಗೋಡೆಯ ಹತ್ತಿರ ಬಂದರು. ನೀವೂ ಬನ್ನಿ, ಎಲ್ಲರಿಗೂ ಬೇಕಾದ ಸಂಗತಿ ಇದು.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಗಳನ್ನು ಕಿತ್ತುಹಾಕುವ ಒಂದು ರದ್ದತಿ ಮತ್ತು ತಿದ್ದುಪಡಿ ಮಸೂದೆಯನ್ನು ಒಪ್ಪಿತು. ಅದರ ಜೊತೆಯಲ್ಲೇ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮು ಹೋಯಿತು. ಕೋರ್ಟಿನಿಂದ ಪ್ರೊಬೇಟ್, ಅಂದರೆ ವಿಲ್ ನಿಜವೆಂಬ ಪ್ರಮಾಣ, ಸಿಗುವ ತನಕ ವಿಲ್ಲಿನ ಬಲದ ಮೇಲೆ ಯಾವ ಕೋರ್ಟಿನಲ್ಲೂ ಹಕ್ಕು ಸ್ಥಾಪಿಸುವಂತಿಲ್ಲ ಎಂದು ಆ ಕಲಮು ಹೇಳುತ್ತಿತ್ತು. ಆದರೆ ಈ ಕಟ್ಟು ಇಡೀ ದೇಶಕ್ಕೆ ಇರಲಿಲ್ಲ. ಹಿಂದೂ, ಬೌದ್ಧ, ಸಿಖ್, ಜೈನರ ಮಟ್ಟಿಗೆ ಹಳೆಯ ಬಂಗಾಳದ ಸೀಮೆ, ಮದರಾಸು ನಗರ ಮತ್ತು ನಮ್ಮ ಮುಂಬಯಿ, ಇಷ್ಟೇ ಜಾಗಗಳಿಗೆ ಅನ್ವಯಿಸುತ್ತಿತ್ತು. 1962ರ ತಿದ್ದುಪಡಿಯಲ್ಲಿ ಈ ನಗರಗಳ ಪಾರ್ಸಿಗಳನ್ನೂ ಸೇರಿಸಿದರು. 2002ರಲ್ಲಿ ಭಾರತೀಯ ಕ್ರೈಸ್ತರಿಗೆ ವಿನಾಯಿತಿ ಸಿಕ್ಕಿತು. ಮುಸಲ್ಮಾನರಿಗೆ ಈ ಕಡ್ಡಾಯ ಮೊದಲಿನಿಂದಲೂ ಇರಲಿಲ್ಲ.

"ಮುಂಬಯಿಯವರೇ ಏನು ಪಾಪ ಮಾಡಿದ್ದರು?"

ಅದಕ್ಕೆ ಕಾರಣ ಇತಿಹಾಸದಲ್ಲಿದೆ. ಇಂಗ್ಲಿಷರು ತಮ್ಮ ಊರಿನ ಕಾನೂನನ್ನು ಮೊದಲು ತಂದು ಇಳಿಸಿದ್ದು ಬಂದರು ಪಟ್ಟಣಗಳಲ್ಲಿ. 1726ರ ಸನ್ನದಿನ ಪ್ರಕಾರ ಬೊಂಬಾಯಿಯಲ್ಲಿ ಮೇಯರ್ಸ್ ಕೋರ್ಟ್ ಕೂತಿತು. ವಿಲ್ಲಿಗೆ ಪ್ರೊಬೇಟ್ ಕೊಡುವ ಅಧಿಕಾರ ಅದಕ್ಕಿತ್ತು. ಆಮೇಲೆ 1798ರಲ್ಲಿ ರೆಕಾರ್ಡರ್ಸ್ ಕೋರ್ಟ್, 1824ರಲ್ಲಿ ಸುಪ್ರೀಂ ಕೋರ್ಟ್, 1862ರಲ್ಲಿ ಹೈಕೋರ್ಟ್ ಬಂದವು. ನಗರದ ಹಿಂದೂಗಳ ವಿಲ್ಲುಗಳನ್ನೂ ಈ ವ್ಯವಸ್ಥೆಯೊಳಗೆ ತಂದದ್ದು 1870ರ ಹಿಂದೂ ವಿಲ್ಸ್ ಆಕ್ಟ್. 1870ರ ಸೆಪ್ಟೆಂಬರ್ 1ರಿಂದ ಈ ಪಟ್ಟಣಗಳಲ್ಲಿ ಬರೆದ ವಿಲ್ಲಿಗೂ, ಹೊರಗೆ ಬರೆದಿದ್ದರೂ ಪಟ್ಟಣದ ಸ್ಥಿರಾಸ್ತಿ ಅದರಲ್ಲಿದ್ದರೆ ಅದಕ್ಕೂ ಪ್ರೊಬೇಟ್ ಬೇಕಾಯಿತು. 1925ರ ಕಾಯ್ದೆ ಅದೇ ದಿನಾಂಕವನ್ನೂ ಅದೇ ಗಡಿಯನ್ನೂ ಉಳಿಸಿಕೊಂಡಿತು.

ಹಾಗಾಗಿ ಉಡುಪಿಯಲ್ಲಿ ಕೂತು ಉಡುಪಿಯ ಗದ್ದೆಗೆ ಬರೆದ ವಿಲ್ಲಿಗೆ ಪ್ರೊಬೇಟ್ ಬೇಕಿರಲಿಲ್ಲ. ಉಡುಪಿಯಲ್ಲೇ ಕೂತು ಮಾಟುಂಗಾದ ಫ್ಲ್ಯಾಟಿಗೆ ಬರೆದರೆ ಬೇಕಿತ್ತು. ಮುಲುಂಡ್ ಚೆಕ್‌ನಾಕಾದ ಈಚೆಗಿನ ಫ್ಲ್ಯಾಟಾದರೆ ಫೋರ್ಟಿನ ಹೈಕೋರ್ಟಿಗೆ ಬರಬೇಕಿತ್ತು. ಥಾಣೆಯಲ್ಲಿದ್ದು ಥಾಣೆಯ ಫ್ಲ್ಯಾಟಿಗೆ ಬರೆದವರಿಗೆ ಆ ತಾಪತ್ರಯ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ತನಕ ಇದೇ ಬೊಂಬಾಯಿ ಹೈಕೋರ್ಟಿನ ಕೆಳಗಿದ್ದವು, ಅಲ್ಲಿನ ಭೂಮಿಯ ಅಪೀಲುಗಳು ಫೋರ್ಟಿನ ತನಕ ಬರುತ್ತಿದ್ದವು. ಆದರೂ ಧಾರವಾಡದ ಹೊಲದ ವಿಲ್ಲಿಗೆ ಕಡ್ಡಾಯವಿರಲಿಲ್ಲ, ಗಿರಗಾಂವದ ಖೋಲಿಯ ವಿಲ್ಲಿಗೆ ಇತ್ತು. ಒಂದೇ ದೇಶದಲ್ಲಿ ಹೀಗೊಂದು ಗೆರೆ ಎಳೆದಿದ್ದದ್ದು ಅನ್ಯಾಯವೇ. ಅಳಿಸಿದ್ದು ಒಳ್ಳೆಯದಾಯಿತು.

"ಅಷ್ಟು ಕಷ್ಟದ ಕೆಲಸವಾ ಅದು?"

ಕಷ್ಟ ಅನ್ನುವುದಕ್ಕಿಂತ ನಿಧಾನದ ಕೆಲಸ. ಓವಲ್ ಮೈದಾನದ ಎದುರು ಗೋಪುರಗಳೆತ್ತಿ ನಿಂತ ಆ ಕಪ್ಪು ಕಲ್ಲಿನ ಕಟ್ಟಡವನ್ನು ಎಲ್ಲರೂ ನೋಡಿರುತ್ತೀರಿ. 1871ರಲ್ಲಿ ಶುರುವಾಗಿ 1878ರಲ್ಲಿ ಮುಗಿದ ಕಟ್ಟಡ, ಕರ್ನಲ್ ಫುಲ್ಲರ್ ಎಂಬ ಎಂಜಿನಿಯರನ ಕೆಲಸ. ಈ ಹೈಕೋರ್ಟಿಗೆ ಟೆಸ್ಟಮೆಂಟರಿ ವಿಭಾಗ ಅಂತ ಪ್ರತ್ಯೇಕವಾಗಿದೆ. ವಿಲ್ಲಿನ ಮೂಲಪ್ರತಿಯನ್ನು ಅಲ್ಲಿ ಒಪ್ಪಿಸಬೇಕು. ವಿಲ್ಲಿನಲ್ಲಿ ಎಕ್ಸಿಕ್ಯೂಟರ್, ಅಂದರೆ ವಿಲ್ ಜಾರಿ ಮಾಡುವವರು, ಎಂದು ಹೆಸರಿಸಿದವರೇ ಅರ್ಜಿ ಹಾಕಬೇಕು, ಪ್ರೊಬೇಟ್ ಸಿಗುವುದು ಅವರಿಗೆ ಮಾತ್ರ. ಎಕ್ಸಿಕ್ಯೂಟರ್ ಹೆಸರಿಲ್ಲದಿದ್ದರೆ ಅದಕ್ಕೆ ಬೇರೆ ದಾರಿ, ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್. ಸಾವಾಗಿ ಪೂರ್ತಿ ಏಳು ದಿನ ಕಳೆಯದೆ ಪ್ರೊಬೇಟ್ ಕೊಡುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ. ವಾಸ್ತವದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿಯುತ್ತದೆ.

ಅರ್ಜಿಯ ಜೊತೆ ಮರಣ ಪ್ರಮಾಣಪತ್ರ, ಆಸ್ತಿ ಮತ್ತು ಸಾಲದ ಪಟ್ಟಿ, ವಾರಸುದಾರರೆಲ್ಲರ ಹೆಸರು ವಿಳಾಸ, ಆಸ್ತಿಯ ಬೆಲೆಗೆ ತಕ್ಕ ಕೋರ್ಟ್ ಶುಲ್ಕ. ನಮ್ಮ ಕಾಲದಲ್ಲಿ ಇದೆಲ್ಲ ದಪ್ಪ ಹಸಿರು ಲೆಡ್ಜರ್ ಕಾಗದದ ಮೇಲೆ ಟೈಪಾಗಿ, ದಾರದಲ್ಲಿ ಹೊಲಿಗೆ ಹಾಕಿಸಿಕೊಂಡು ಹೋಗುತ್ತಿತ್ತು. ವಿಲ್ ಕನ್ನಡದಲ್ಲಿದ್ದರೆ ಹೆದರಬೇಕಿಲ್ಲ, ಕೋರ್ಟಿನ ಅನುವಾದಕರಿಂದ ತರ್ಜುಮೆ ಮಾಡಿಸಿ ಲಗತ್ತಿಸುವ ಏರ್ಪಾಡು 277ನೇ ಕಲಮಿನಲ್ಲೇ ಉಂಟು. ಆಮೇಲೆ ವಾರಸುದಾರರಿಗೆ ಸೈಟೇಷನ್ ಹೋಗುತ್ತದೆ: 'ಇಂಥವರ ವಿಲ್ ಬಂದಿದೆ, ತಕರಾರಿದ್ದರೆ ಬಂದು ಹೇಳಿ' ಎಂಬ ನೋಟಿಸು. ಎಲ್ಲರೂ ಒಪ್ಪಿಗೆಯ ಅಫಿಡವಿಟ್ ಕೊಟ್ಟರೆ ಹಾದಿ ಸಲೀಸು. ಒಬ್ಬರು ಕೇವಿಯಟ್ ಹಾಕಿ ತಕರಾರಿನ ಅಫಿಡವಿಟ್ ಕೊಟ್ಟರೆ ಅರ್ಜಿಯೇ ದಾವೆಯಾಗುತ್ತದೆ. ಸಾಕ್ಷಿ, ಪಾಟೀಸವಾಲು, ಮುದ್ದತಿನ ಮೇಲೆ ಮುದ್ದತು. ಪ್ರೊಬೇಟ್ ಕೈಗೆ ಬಂದಮೇಲೂ ಎಕ್ಸಿಕ್ಯೂಟರ್ ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ವರ್ಷದೊಳಗೆ ಲೆಕ್ಕ ಕೋರ್ಟಿಗೆ ಒಪ್ಪಿಸಬೇಕು.

ಇಷ್ಟೆಲ್ಲದರಲ್ಲಿ ಕೋರ್ಟು ತೀರ್ಮಾನಿಸುವುದು ಒಂದೇ ಪ್ರಶ್ನೆಯನ್ನು. ಇದು ಆ ಮನುಷ್ಯ ಸ್ವಸ್ಥ ಬುದ್ಧಿಯಿಂದ, ತಿಳಿದು, ಸ್ವಂತ ಇಚ್ಛೆಯಿಂದ ಕ್ರಮವಾಗಿ ಮಾಡಿದ ಕೊನೆಯ ವಿಲ್ ಹೌದೋ ಅಲ್ಲವೋ? ಫ್ಲ್ಯಾಟು ನಿಜವಾಗಿ ಅವರದೇನಾ ಅನ್ನುವ ಮಾಲಕತ್ವದ ಪ್ರಶ್ನೆಯನ್ನು ಪ್ರೊಬೇಟ್ ಕೋರ್ಟು ಮುಟ್ಟುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರು? ವಿಲ್ ಬರೆದವರು ಹೋಗಿಬಿಟ್ಟಿದ್ದಾರೆ. ಉಳಿದವರು ಸಾಕ್ಷಿ ಹಾಕಿದ ಇಬ್ಬರು. 63ನೇ ಕಲಮಿನ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಇಬ್ಬರಲ್ಲಿ ಒಬ್ಬೊಬ್ಬರೂ ವಿಲ್ ಬರೆದವರು ರುಜು ಹಾಕಿದ್ದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ 'ಇದು ನನ್ನ ರುಜು' ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಎದುರಲ್ಲೇ ತಾವೂ ರುಜು ಹಾಕಿರಬೇಕು. ವಿಲ್ಲಿನ ಒಳಗೆ ಏನಿದೆ ಎಂದು ಸಾಕ್ಷಿಗೆ ಗೊತ್ತಿರಬೇಕೆಂದಿಲ್ಲ. ಮುಂದೆ ಆ ಇಬ್ಬರಲ್ಲಿ ಒಬ್ಬರಾದರೂ ಬದುಕಿದ್ದು ಕೈಗೆ ಸಿಗುವಂತಿದ್ದರೆ ಅವರನ್ನು ಕರೆಯದೆ ವಿಲ್ ರುಜುವಾತಾಗುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆ ಹೀಗೆ ಹೇಳಿತ್ತು, ಅದರ ಜಾಗಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹಾಗೆಯೇ ಹೇಳುತ್ತದೆ. 213ನೇ ಕಲಮು ಹೋದದ್ದರಿಂದ ಈ ನಿಯಮ ಕೂದಲೆಳೆಯಷ್ಟೂ ಬದಲಾಗಿಲ್ಲ.

ಮುಂಬಯಿಯ ನಮ್ಮವರು ಎಡವುವುದು ಇಲ್ಲೇ ಅಕ್ಕ. ನಾನು ಕಂಡ ಒಂದು ಸಂಗತಿ ಹೇಳುತ್ತೇನೆ.

ಬೋರಾ ಬಜಾರಿನ ಕಡೆ ಸಣ್ಣ ಹೋಟೆಲು ನಡೆಸುತ್ತಿದ್ದ ಒಬ್ಬ ಧಣಿ, ಕುಂದಾಪುರದ ಕಡೆಯವರು. ಮಧ್ಯಾಹ್ನದ ಊಟದ ಗಿರಾಕಿ ಕಡಿಮೆಯಾದ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಕೂತು ಟೈಪು ಮಾಡಿಸಿ ತಂದ ವಿಲ್ಲಿಗೆ ರುಜು ಹಾಕಿದರು. ಸಾಕ್ಷಿಗೆ ಗಲ್ಲಾದಲ್ಲಿ ಕೂರುವವರೊಬ್ಬರು, ಅಡುಗೆಯ ಭಟ್ಟರೊಬ್ಬರು. ಧಣಿ ತೀರಿಕೊಂಡಾಗ ಎಕ್ಸಿಕ್ಯೂಟರ್ ಆಗಿದ್ದ ಸೋದರಳಿಯ ವಿಲ್ ಹಿಡಿದು ನಮ್ಮ ಕಚೇರಿಗೆ ಬಂದ. ಸಾಕ್ಷಿಗಳ ರುಜುವಿನ ಕೆಳಗೆ ವಿಳಾಸ ನೋಡಿದರೆ ಇಬ್ಬರದೂ ಹೋಟೆಲಿನ ವಿಳಾಸವೇ! ಹೋಟೆಲು ಮುಚ್ಚಿ ವರ್ಷಗಳಾಗಿದ್ದವು. ಗಲ್ಲಾದವರು ಧಣಿಗಿಂತ ಮೊದಲೇ ತೀರಿಹೋಗಿದ್ದರು. ಭಟ್ಟರು ಊರಿಗೆ ಹೋದರು ಅನ್ನುವುದೊಂದೇ ಗೊತ್ತು. ಯಾವ ಊರು, ಮನೆ ಎಲ್ಲಿ, ಇದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಹುಡುಗ ಮುಂಬಯಿಯ ಸಂಘಗಳಲ್ಲಿ ವಿಚಾರಿಸಿದ. ಹಳೆಯ ಹೋಟೆಲು ಕೆಲಸಗಾರರನ್ನು ಹುಡುಕಿ ಕೇಳಿದ. ಊರಿಗೆ ಹೋಗಿ ಜಾತ್ರೆಯಲ್ಲಿ ಅಡುಗೆಯವರ ಗುಂಪಿನಲ್ಲಿ ಕೇಳಿದಾಗ ಕೊನೆಗೆ ಸುಳಿವು ಸಿಕ್ಕಿತು. ಭಟ್ಟರಿಗೆ ಕಣ್ಣು ಮಸುಕಾಗಿತ್ತು, ನೆನಪು ಮಸುಕಾಗಿರಲಿಲ್ಲ. "ಧಣಿಗಳು ನನ್ನ ಎದುರೇ ರುಜು ಹಾಕಿದ್ದು. ಮೊದಲು ತಗೊಂಡ ಪೆನ್ನು ಬರೆಯಲಿಲ್ಲ, ಗಲ್ಲಾದಿಂದ ಬೇರೆ ತರಿಸಿದ್ರು" ಎಂದರಂತೆ. ಹುಡುಗ ಬಂದು ಹೇಳಿದ ಮೇಲೆ ನಾವು ಮೂಲಪ್ರತಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆವು. ರುಜುವಿನ ಮೊದಲ ಅಕ್ಷರದ ಪಕ್ಕದಲ್ಲೇ ಶಾಯಿ ಇಲ್ಲದ ಒಂದು ಗೀರು, ಕಾಗದದಲ್ಲಿ ಸಣ್ಣಗೆ ತಗ್ಗಾಗಿ ಕೂತಿತ್ತು. ಭಟ್ಟರ ಅಫಿಡವಿಟ್ ಆಯಿತು, ಪ್ರೊಬೇಟ್ ಬಂತು. ಆ ಭಟ್ಟರು ಒಬ್ಬರು ಸಿಗದೆ ಹೋಗಿದ್ದರೆ? ಸಾಕ್ಷಿಗಳಲ್ಲಿ ಯಾರೂ ಸಿಗದಿದ್ದಾಗ ಕೈಬರಹ ಗುರುತಿಸುವವರನ್ನು ತಂದು ಧಣಿಯ ರುಜುವನ್ನೂ ಕನಿಷ್ಠ ಒಬ್ಬ ಸಾಕ್ಷಿಯ ರುಜುವನ್ನೂ ರುಜುವಾತು ಮಾಡುವ ದಾರಿ ಕಾನೂನಿನಲ್ಲಿದೆ. ಆದರೆ ಅಡುಗೆ ಭಟ್ಟರ ಕೈಬರಹ ಗುರುತಿಸುವವರನ್ನು ಎಲ್ಲಿಂದ ತರುವುದು?

"ನಮ್ಮವರ ವಿಲ್ಲಿಗೂ ಕೆಳಗಿನ ಅಂಗಡಿಯವರದ್ದೇ ಸಾಕ್ಷಿ" ಅಂದರು ಅಕ್ಕ.

ಅದಕ್ಕೇ ಹೇಳುತ್ತಿರುವುದು. ನಾವು ದುಡಿಯಲು ಬಂದ ಜನ. ಜೊತೆಗಿದ್ದವರೂ ದುಡಿಯಲು ಬಂದವರೇ, ವಯಸ್ಸಾದಂತೆ ಊರು ಸೇರುತ್ತಾರೆ. ಕೈಗೆ ಸಿಕ್ಕವರನ್ನು ಕರೆದು ಸಾಕ್ಷಿ ಹಾಕಿಸುತ್ತೇವೆ. ಅವರ ವಯಸ್ಸು ಕೇಳುವುದಿಲ್ಲ, ಊರಿನ ವಿಳಾಸ ಬರೆಸುವುದಿಲ್ಲ.

ಸಾಕ್ಷಿ ಸಿಕ್ಕಿದರೂ ಸಾಲದು, ವಿಲ್ಲಿನ ಸುತ್ತ ಅನುಮಾನ ಹುಟ್ಟಿಸುವ ಸಂಗತಿಗಳು ಇರಬಾರದು. ಈ ವಿಷಯದಲ್ಲಿ ಇಡೀ ದೇಶದ ಕೋರ್ಟುಗಳು ಇವತ್ತಿಗೂ ಮೊದಲು ತೆಗೆದು ನೋಡುವ ತೀರ್ಪು ನಮ್ಮ ಮೈಸೂರಿನದು ಎಂದು ಎಷ್ಟು ಜನರಿಗೆ ಗೊತ್ತು? ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ. ಲಕ್ಷ್ಮಮ್ಮ ಎಂಬವರು 1945ರಲ್ಲಿ ಮಾಡಿದರೆನ್ನಲಾದ ವಿಲ್ಲಿನ ಕಥೆ. ಕೆಳಗಿನ ಕೋರ್ಟಿನಲ್ಲಿ ಎಕ್ಸಿಕ್ಯೂಟರ್ ಗೆದ್ದರು, ಮೈಸೂರು ಹೈಕೋರ್ಟಿನಲ್ಲಿ ಸೋತರು, 1958ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್. ಸಾತಾರೆಯಲ್ಲಿ ಹುಟ್ಟಿದವರು, ಮನೆತನದ ಮೂಲ ನಮ್ಮ ಗದಗ ಜಿಲ್ಲೆಯ ಗಜೇಂದ್ರಗಡ. 1945ರಿಂದ 1957ರ ತನಕ ಇದೇ ಫೋರ್ಟಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ದೆಹಲಿಗೆ ಹೋದವರು.

ಅವರು ಹೇಳಿದ್ದರ ಸಾರ ಮನೆಮನೆಗೂ ಬೇಕಾದದ್ದು. ವಿಲ್ ನಿಜವೆಂದು ತೋರಿಸುವ ಹೊಣೆ ಅದನ್ನು ಮುಂದಿಡುವವರ ಮೇಲಿದೆ. ರುಜು ನಡುಗಿದ್ದರೆ, ಬರೆದವರ ಬುದ್ಧಿ ಆಗ ನೆಟ್ಟಗಿತ್ತೇ ಎಂಬ ಸಂಶಯವಿದ್ದರೆ, ಪಾಲು ಹಂಚಿದ ರೀತಿ ವಿಚಿತ್ರವಾಗಿದ್ದರೆ ಅವರೇ ಆ ಅನುಮಾನ ತೊಳೆಯಬೇಕು. ವಿಲ್ ಬರೆಸುವುದರಲ್ಲಿ ಮುಂದೆ ನಿಂತು ಓಡಾಡಿದವರಿಗೇ ಅದರಿಂದ ದೊಡ್ಡ ಲಾಭವಿದ್ದರೆ ಅದೂ ಅನುಮಾನದ ಸಂಗತಿಯೇ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಆಗುವುದು ಇದೇ ತಾನೆ? ನೋಡಿಕೊಳ್ಳುವ ಮಗನೇ ವಕೀಲರನ್ನು ಹುಡುಕುತ್ತಾನೆ, ಟ್ಯಾಕ್ಸಿ ತರುತ್ತಾನೆ, ಅಪ್ಪನ ಕೈ ಹಿಡಿದು ಕರೆದುಕೊಂಡು ಹೋಗುತ್ತಾನೆ, ಸಾಕ್ಷಿಗೆ ತನ್ನ ಸ್ನೇಹಿತರನ್ನೇ ಕೂರಿಸುತ್ತಾನೆ. ಅವನ ಮನಸ್ಸಿನಲ್ಲಿ ಕಪಟವಿಲ್ಲ. ಆದರೆ ನಾಳೆ ತಂಗಿ ಕೇವಿಯಟ್ ಹಾಕಿದರೆ ಅವನು ಮಾಡಿದ ಸೇವೆಯನ್ನೆಲ್ಲ ಅವನ ವಿರುದ್ಧವೇ ಎತ್ತಿ ಹೇಳುತ್ತಾರೆ. ಆದ್ದರಿಂದ ಅಪ್ಪ ಅಮ್ಮ ನಡೆದಾಡುವ ಕಾಲದಲ್ಲೇ, ತಾವೇ ವಕೀಲರ ಹತ್ತಿರ ಮಾತಾಡಿ, ತಾವೇ ಸಾಕ್ಷಿಗಳನ್ನು ಆರಿಸಿ ವಿಲ್ ಮಾಡಬೇಕು. ಲಾಭ ಪಡೆಯುವವರು ಆ ಹೊತ್ತಿಗೆ ಕೋಣೆಯ ಹೊರಗಿರಲಿ.

"ನಾಮಿನೇಷನ್ ಮಾಡಿಟ್ಟರೆ ಸಾಕಲ್ಲ ಅಣ್ಣ? ಸೊಸೈಟಿಯಲ್ಲಿ ಎಲ್ಲರೂ ಹಾಗೇ ಹೇಳ್ತಾರೆ."

ಈ ತಪ್ಪು ತಿಳಿವಳಿಕೆಗೆ ನಮ್ಮ ಮುಂಬಯಿಯಲ್ಲೇ ಹುಟ್ಟಿದ ಪ್ರಕರಣ ಉತ್ತರ ಕೊಟ್ಟಿದೆ. ಗೋಡೆಗೆ ತೂಗುಹಾಕುವ ಕಾಲನಿರ್ಣಯ ಕ್ಯಾಲೆಂಡರ್ ಶುರುಮಾಡಿದ ಜಯಂತ ಸಾಳಗಾಂವಕರ್ ಅವರು 2013ರಲ್ಲಿ ತೀರಿಕೊಂಡರು. ವಿಲ್ ಇತ್ತು, ಕೆಲವು ಹೂಡಿಕೆಗಳಿಗೆ ನಾಮಿನಿಗಳೂ ಇದ್ದರು. ನಾಮಿನಿ ಆದವರೇ ಒಡೆಯರಾಗುತ್ತಾರೆಯೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 2023ರ ಡಿಸೆಂಬರಿನಲ್ಲಿ ಬಂದ ತೀರ್ಪು: ನಾಮಿನೇಷನ್‌ನಿಂದ ವಾರಸಿನ ಕಾನೂನು ಬದಲಾಗದು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಕಾನೂನಿನಲ್ಲೂ ವಾರಸುದಾರರ ಹೆಸರಿಗೆ ವರ್ಗವಾಗುವ ತನಕ ನಾಮಿನಿ ತಾತ್ಕಾಲಿಕ ಸದಸ್ಯ ಅಷ್ಟೇ. ನಾಮಿನೇಷನ್ ಮಾಡಿ, ಬೇಡ ಅನ್ನುವುದಿಲ್ಲ. ಅದರ ಜೊತೆ ವಿಲ್ಲೂ ಇರಲಿ, ಎರಡರಲ್ಲೂ ಒಂದೇ ಮಾತಿರಲಿ.

ತುಳುನಾಡಿನ ಅಳಿಯಕಟ್ಟಿನ ಮನೆಗಳವರಿಗೆ ಇನ್ನೊಂದು ಮಾತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮಿನ ವಿವರಣೆಯಲ್ಲಿ ಕುಟುಂಬ, ಕವರು ಎಂಬ ಶಬ್ದಗಳೇ ಅಚ್ಚಾಗಿವೆ. ಊರಿನ ಕುಟುಂಬದ ಆಸ್ತಿಯಲ್ಲಿ ನಿಮಗಿರುವ ಪಾಲನ್ನೂ ವಿಲ್ ಮೂಲಕ ಕೊಡಬಹುದು ಎಂದು ಅರ್ಥ. ಮುಂಬಯಿಯ ದುಡಿಮೆ ಮಕ್ಕಳಿಗೆ, ಊರಿನ ಪಾಲು ಅಕ್ಕತಂಗಿಯರ ಮಕ್ಕಳಿಗೆ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಆಗದು. ಯಾವ ಸರ್ವೆ ನಂಬರು, ಯಾವ ಫ್ಲ್ಯಾಟು, ಯಾರಿಗೆ ಎಂದು ಬಿಡಿಸಿ ಬರೆದಿರಬೇಕು.

"ಹಾಗಾದರೆ ಈಗ ಪ್ರೊಬೇಟ್ ಮಾಡಿಸುವುದಾ ಬಿಡುವುದಾ?"

ಮನೆಯಲ್ಲಿ ಎಲ್ಲರೂ ಒಂದೇ ಮಾತಿನಲ್ಲಿದ್ದರೆ, ಆಸ್ತಿ ಸರಳವಾಗಿದ್ದರೆ, ಈಗ ಫೋರ್ಟಿನ ಮೆಟ್ಟಿಲು ಹತ್ತುವ ಅಗತ್ಯ ಬೀಳದೆ ಹೋಗಬಹುದು. ಒಬ್ಬರಾದರೂ ಮುನಿಸಿಕೊಂಡಿದ್ದರೆ ಪ್ರೊಬೇಟ್ ಪಡೆಯುವುದೇ ಕ್ಷೇಮ. ಅದರ ಹಾದಿ ಮುಚ್ಚಿಲ್ಲ. ಒಮ್ಮೆ ಸಿಕ್ಕಿತೆಂದರೆ ವಿಲ್ ನಿಜವೋ ಸುಳ್ಳೋ ಎಂದು ಕಂಡಕಂಡಲ್ಲಿ ಮತ್ತೆ ಮತ್ತೆ ವಾದಿಸುವ ಕಾಟ ತಪ್ಪುತ್ತದೆ. ಈಗಾಗಲೇ ಅರ್ಜಿ ಹಾಕಿದವರು ವಾಟ್ಸಾಪ್ ನಂಬಿ ಕೈಬಿಡಬೇಡಿ, ನಿಮ್ಮ ವಕೀಲರನ್ನು ಕೇಳಿ. ನನ್ನ ಚಿಂತೆ ಏನೆಂದರೆ, ಮೊದಲು ಕಡ್ಡಾಯವಿದ್ದಾಗ ಸಾವಾದ ಕೂಡಲೇ ಸಾಕ್ಷಿಗಳನ್ನು ಹುಡುಕುತ್ತಿದ್ದರು. ಇನ್ನು ಹುಡುಕುವವರಿಲ್ಲ. ಹತ್ತು ಹದಿನೈದು ವರ್ಷದ ಮೇಲೆ ಫ್ಲ್ಯಾಟು ಮಾರುವಾಗ ಯಾರೋ ತಕರಾರು ತೆಗೆಯುತ್ತಾರೆ. ಆಗ ಭಟ್ಟರನ್ನು ಹುಡುಕಲು ಯಾವ ಜಾತ್ರೆಗೆ ಹೋಗುವುದು?

ವಿಲ್ಲಿಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಬಿಳಿ ಹಾಳೆಯ ಮೇಲೆ ನಿಮ್ಮ ಕೈಯಲ್ಲೇ ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಆದರೆ ನೋಂದಣಿಯಾಯಿತೆಂದು ಸಾಕ್ಷಿಯ ಅಗತ್ಯ ತಪ್ಪುವುದಿಲ್ಲ. ವಯಸ್ಸಾದವರು ಅದೇ ದಿನ ಡಾಕ್ಟರರಿಂದ ಒಂದು ಚೀಟಿ ಬರೆಸಿ ಜೊತೆಗಿಡಲಿ. ಎಕ್ಸಿಕ್ಯೂಟರ್ ನಿಮಗಿಂತ ಚಿಕ್ಕವರಿರಲಿ, ಅವರು ಇಲ್ಲವಾದರೆ ಯಾರು ಎಂದೂ ಬರೆಯಿರಿ. ವಿಲ್ ಎಲ್ಲಿದೆ ಎಂದು ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರಲಿ.

ಸಾಕ್ಷಿಗಳ ಬಗ್ಗೆ ಮತ್ತೊಮ್ಮೆ ಹೇಳುತ್ತೇನೆ. ಇಬ್ಬರೂ ನಿಮಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರಾಗಿರಲಿ. ಪಾಲು ಪಡೆಯುವವರು ಬೇಡ. ಪೂರ್ತಿ ಹೆಸರು, ಮುಂಬಯಿಯ ವಿಳಾಸ, ಊರಿನ ಮನೆಯ ವಿಳಾಸ, ಫೋನ್ ನಂಬರು ರುಜುವಿನ ಕೆಳಗೆ ಬರೆಸಿ. ಈಗಾಗಲೇ ವಿಲ್ ಬರೆದಿಟ್ಟವರು ಇವತ್ತೇ ಕಪಾಟಿನಿಂದ ತೆಗೆದು ಕೊನೆಯ ಪುಟ ನೋಡಿ. ಸಾಕ್ಷಿ ಹಾಕಿದ ಇಬ್ಬರೂ ಎಲ್ಲಿದ್ದಾರೆ ಎಂದು ಫೋನ್ ಮಾಡಿ ವಿಚಾರಿಸಿ. ಒಬ್ಬರು ತೀರಿಕೊಂಡಿದ್ದರೆ, ಇನ್ನೊಬ್ಬರ ಪತ್ತೆ ಇಲ್ಲದಿದ್ದರೆ, ಆ ವಿಲ್ಲನ್ನು ನಂಬಿ ಕೂರಬೇಡಿ. ಹೊಸ ಸಾಕ್ಷಿಗಳನ್ನು ಕರೆದು ಹೊಸ ವಿಲ್ ಬರೆಯಿರಿ.